ಶಂಭುಲಿಂಗಪ್ಪನವರ ಹೂದೋಟದ ಕಟಕಟೆ

ಗುಂಡ್ಲುಪೇಟೆಯಿಂದ ಊಟಿಗೆ ಹೋಗುವ ರಸ್ತೆಯಲ್ಲಿ, ಊರು ಮುಗಿಯಿತು ಎನ್ನುವಷ್ಟರಲ್ಲಿ ಎಡಗಡೆಗೆ ಸಿಗುವ ಹೆಂಚಿನ ಮನೆ ಅರಿಸಿನದ ಮಂಡಿ ಶಂಭುಲಿಂಗಪ್ಪನವರದು. ಐವತ್ತೈದನೆಯ ಇಸವಿಯ ಯುಗಾದಿಯವರೆಗೆ ಆ ಮನೆಯ ಮುಂದೆ ಇದ್ದದ್ದು ಎಲ್ಲರ ಮನೆಯ ಮುಂದೆ ಇರುವಂಥದ್ದೇ ಹೂದೋಟ. ನಾಲ್ಕು ದಾಸವಾಳ, ಒಂದು ಸಾಲು ಕನಕಾಂಬರ, ಪೂಜೆಗೊಂದು ಬಿಲ್ವಪತ್ರೆ, ಮೂಲೆಯಲ್ಲಿ ಯಾರೂ ನೆಡದೆ ತಾನಾಗಿ ಎದ್ದ ಪರಂಗಿ ಗಿಡ. ಅದನ್ನು ನೋಡುತ್ತ ದಾರಿಯಲ್ಲಿ ಒಬ್ಬರೂ ನಿಂತವರಲ್ಲ. ನಿಲ್ಲಲಿ ಎಂದು ಶಂಭುಲಿಂಗಪ್ಪನವರೂ ಆಸೆಪಟ್ಟವರಲ್ಲ. ಹಬ್ಬ ಕಳೆದ ಮೇಲೆ ನೆಂಟರೊಬ್ಬರ ಅಂಗಡಿಪೂಜೆಗೆ ಊಟಿಗೆ ಹೋಗಿಬಂದರಲ್ಲ, ಎಲ್ಲ ಕೆಟ್ಟದ್ದು ಅಲ್ಲಿಂದ.

ಊಟಿಯಲ್ಲಿ ಅವರು ದೊರೆಯೊಬ್ಬನ ಬಂಗಲೆಯ ಬೇಲಿಯ ಮೇಲೆ ಕತ್ತು ಚಾಚಿ ಇಣುಕಿದರು. ಮುರಿದ ಗಾಡಿಯ ಚಕ್ರವೊಂದಕ್ಕೆ ಬಿಳಿ ಬಣ್ಣ ಬಳಿದು ನಿಲ್ಲಿಸಿದ್ದಾರೆ, ಅದರ ತುಂಬ ಬಳ್ಳಿ. ಸ್ನಾನದ ತೊಟ್ಟಿಯೊಳಗೆ ತಾವರೆ. ಹಳೇ ಬೂಟಿನೊಳಗಿಂದ ಒಂದು ಕೆಂಪು ಹೂವು ತಲೆ ಹಾಕಿ ರಸ್ತೆ ನೋಡುತ್ತಿದೆ. ಮಾಲಿಯನ್ನು ಕೇಳಿದರೆ ಅವನು, "ಎಲ್ಲಾಂ ಪಳೆಯ ಸಾಮಾನ್ ಸಾಮಿ. ಇದು ದಾನ್ ಇಪ್ಪೋ ಫ್ಯಾಷನ್," ಎಂದ. ಶಂಭುಲಿಂಗಪ್ಪನವರಿಗೆ ಬರುತ್ತಿದ್ದದ್ದು ಅರಿಸಿನ ಮಾರಲು ಸಾಲುವಷ್ಟು ತಮಿಳು. ಆದರೂ ಹಳೇ ಸಾಮಾನೇ ಈಗ ಫ್ಯಾಷನ್ನು ಎಂಬಷ್ಟು ತಿಳಿಯಿತು. ಹಳೇ ಸಾಮಾನಿಗೆ ನಮ್ಮ ಸೀಮೆಯಲ್ಲಿ ಬರವೇ? ದೊರೆ ಮಾಡಿದ್ದನ್ನು ಮಂಡಿ ಸಾಹುಕಾರ ಯಾಕೆ ಮಾಡಬಾರದು?

ಒಂದು ತಿಂಗಳಲ್ಲಿ ತೋಟದ ಮುಖಚರ್ಯೆಯೇ ಬದಲಾಯಿತು. ಬೇಗೂರಿನಿಂದ ಗಾಡಿಯ ಚಕ್ರ ಬಂತು. ಮುಚ್ಚಿಹೋದ ನಾಟಕ ಕಂಪನಿಯ ಗ್ರಾಮಫೋನಿನ ಕಹಳೆ ಬಂತು. ಅದರ ಬಾಯಿ ಮೇಲೆ ಮಾಡಿ ಹೂಳಿ, ಒಳಗೆ ಕಾಶಿತುಂಬೆ ನೆಟ್ಟರು. ಹೊಲಿಗೆ ಮಿಷನ್ನಿನ ಕಬ್ಬಿಣದ ಕಾಲು, ಗಾಜಿಲ್ಲದ ಲಾಟೀನು, ಒಂದೇ ತಟ್ಟೆ ಉಳಿದ ತಕ್ಕಡಿ, ಒಂದರ ಹಿಂದೊಂದು ಬಂದವು. ಆಳು ರಾಚಯ್ಯ ಐವತ್ತು ದಾಟಿದವನು, ಮಾತಿಗೆ ಮುಂಚೆ ತಲೆ ಕೆರೆದುಕೊಳ್ಳುವ ಮನುಷ್ಯ. ಪ್ರತಿಯೊಂದನ್ನೂ ಗಾಡಿಯಿಂದ ಇಳಿಸುವಾಗ ಅವನು, "ಬುದ್ಧಿ, ಇದ್ನ ರಿಪೇರಿಗೆ ಕಳಿಸ್ಬೇಕಾ?" ಎಂದು ಕೇಳುತ್ತಿದ್ದ.

"ರಿಪೇರಿ ಮಾಡುದ್ರೆ ಕೆಟ್ಟೋಯ್ತದೆ ಕಣಯ್ಯ," ಎಂದು ಶಂಭುಲಿಂಗಪ್ಪನವರು ಬಹಳ ಗಂಭೀರವಾಗಿ ಉತ್ತರ ಕೊಡುತ್ತಿದ್ದರು.

ಈಗ ಜನ ನಿಂತು ನೋಡತೊಡಗಿದರು. ಆದರೆ ಆ ನೋಟದಲ್ಲಿ ಮೆಚ್ಚುಗೆಗಿಂತ ಮರುಕವೇ ಹೆಚ್ಚಾಗಿತ್ತು. ಪಕ್ಕದ ಮನೆಯ ಪುಟ್ಟಮಾದಮ್ಮ ಮೂರು ದಿನ ತಡೆದಳು, ನಾಲ್ಕನೆಯ ದಿನ ಬೇಲಿಯ ಹತ್ತಿರ ಬಂದು ಶಂಭುಲಿಂಗಪ್ಪನವರ ಹೆಂಡತಿಯನ್ನೇ ಕೇಳಿಬಿಟ್ಟಳು. "ಯಾಕ್ ಕರಿಬಸಮ್ಮವ್ವ, ಮಂಡಿ ಮುಚ್ಬುಟ್ರಾ? ಗುಜ್ರಿ ಯಾಪಾರ ಇಡ್ಕಂಡ್ರಾ?"

ಕರಿಬಸಮ್ಮ ಒಳಗೆ ಬಂದು ಗಂಡನ ಮುಂದೆ ತಟ್ಟೆ ಇಟ್ಟ ಸದ್ದು ಬೀದಿಗೆ ಕೇಳಿಸಿತು. "ಮಂಡಿ ಸಾವ್ಕಾರ್ರು ಅಂತ ನಮ್ಮಪ್ಪ ನನ್ನ ಕೊಟ್ರು. ಗುಜರಿಯೋರು ಅಂತ ಗೊತ್ತಿದ್ದಿದ್ರೆ ತಾಮ್ರದ ಹಂಡೆ ಯಾಕ್ ಕೊಟ್ಟು ಕಳಿಸ್ತಿದ್ರು?"

ಆ ಮನೆಯಲ್ಲಿ ಯಾವ ಮಾತು ಎಲ್ಲಿ ಹೊರಟರೂ ಕೊನೆಗೆ ಹಂಡೆಗೆ ಬಂದು ಮುಟ್ಟುತ್ತಿತ್ತು. ಹತ್ತೊಂಬತ್ತು ವರ್ಷದ ಹಿಂದೆ ಹರವೆಯ ಮಾವನವರು ಮದುವೆಯಲ್ಲಿ ಬಳುವಳಿ ಕೊಟ್ಟ ಹಂಡೆ ಅದು. ಇಬ್ಬರು ಹೊರಬೇಕು, ಅಷ್ಟು ದೊಡ್ಡದು. ನಡುಮನೆಯ ಮೂಲೆಯಲ್ಲಿ ಅದಕ್ಕೆ ಪೀಠ. ಪ್ರತಿ ಸೋಮವಾರ ಕರಿಬಸಮ್ಮ ಹುಣಿಸೇಹಣ್ಣು ಹಾಕಿ ಉಜ್ಜಿ ಅದರಲ್ಲಿ ಮುಖ ಕಾಣುವಂತೆ ಮಾಡುತ್ತಿದ್ದರು. ಮಾವನವರು ತೀರಿಕೊಂಡ ಮೇಲಂತೂ ಅದು ಪಾತ್ರೆಯಾಗಿ ಉಳಿಯದೆ ಮನೆಯ ಹಿರಿಯರಲ್ಲಿ ಒಬ್ಬರಾಯಿತು. ಶಂಭುಲಿಂಗಪ್ಪನವರು ಎಂದಾದರೂ ಜಗಳದಲ್ಲಿ ಗೆಲ್ಲುವ ಲಕ್ಷಣ ಕಂಡರೆ ಕರಿಬಸಮ್ಮ ಸುಮ್ಮನೆ ಆ ಮೂಲೆಯ ಕಡೆ ಒಮ್ಮೆ ನೋಡುತ್ತಿದ್ದರು, ಅಲ್ಲಿಗೆ ಜಗಳ ಮುಗಿಯುತ್ತಿತ್ತು.

ಇಷ್ಟು ತಿಳಿದ ಮನುಷ್ಯ ಮಾಡಬಾರದ ಕೆಲಸವನ್ನು ಶಂಭುಲಿಂಗಪ್ಪನವರು ಮಾಡಿದ್ದು ಚಾಮರಾಜನಗರದಲ್ಲಿ.

ಅಲ್ಲಿ ಬಸ್ ಸ್ಟ್ಯಾಂಡಿನ ಹಿಂದೆ ಮೂಗಯ್ಯನೆಂಬುವನ ಗುಜರಿ ಅಂಗಡಿ. ವ್ಯಾಪಾರಕ್ಕೆ ಹೋದವರು ಸುಮ್ಮನೆ ಒಳಗೆ ಇಣುಕಿದರು. ಮುರುಕು ಕುರ್ಚಿಗಳ ಹಿಂದೆ ಒಂದು ಕಟಕಟೆ ನಿಂತಿತ್ತು. ಕೋರ್ಟಿನಲ್ಲಿ ಸಾಕ್ಷಿಗಳು ನಿಲ್ಲುವ ಕಟಕಟೆ. ತೇಗದ ಮರ, ಮೂರು ಕಡೆ ಕಂಬಿ, ಹತ್ತಲು ಒಂದು ಮೆಟ್ಟಿಲು. ಕೈಯಿಟ್ಟು ಇಟ್ಟು ಕಂಬಿಯ ಮೇಲ್ಭಾಗ ನುಣುಪಾಗಿಬಿಟ್ಟಿತ್ತು.

"ಗೆದ್ಲು ಒಂದ್ ಕಾಲ್ ತಿಂದದೆ ಅಂತ ಹರಾಜಾಕುದ್ರು ಸಾವ್ಕಾರ್ರೆ," ಎಂದ ಮೂಗಯ್ಯ. "ಮರ ಮಾತ್ರ ಕಲ್ಲಿದ್ದಂಗದೆ."

ಶಂಭುಲಿಂಗಪ್ಪನವರಿಗೆ ಕಂಡದ್ದು ಮರವಲ್ಲ. ಅದರ ಮೂರು ಕಡೆಗೂ ಜಾಜಿ ಬಳ್ಳಿ ಹಬ್ಬಿ, ರಸ್ತೆಯಲ್ಲಿ ಊಟಿಗೆ ಹೋಗುವ ದೊರೆ ಕಾರು ನಿಲ್ಲಿಸಿ ನೋಡುತ್ತಿರುವುದು ಕಂಡಿತು. ಬೆಲೆ ಕೇಳಿದರು.

"ದುಡ್ಡು ಬ್ಯಾಡ. ಮಗಳು ಮದ್ವೆ ಗೊತ್ತಾಗದೆ. ಬೀಗ್ರು ಹಳೇ ಕಾಲದ ದಪ್ಪನ್ ತಾಮ್ರದ ಹಂಡೆನೇ ಬೇಕು ಅಂತ ಕುಂತವ್ರೆ. ಎಲ್ಲ್ ಹುಡುಕುದ್ರೂ ಸಿಕ್ತಿಲ್ಲ. ಅಂತದ್ದೊಂದ್ ತಂದ್ಕೊಡಿ, ಇದ್ನ ತಕ್ಕಂಡೋಗಿ."

ಆ ವಾರವೇ ಕರಿಬಸಮ್ಮ ತಂಗಿಯ ಮಗುವಿನ ನಾಮಕರಣಕ್ಕೆ ಹರವೆಗೆ ಹೊರಟರು. ಅವರು ಬಸ್ಸು ಹತ್ತಿದ ಅರ್ಧ ಗಂಟೆಗೆ ಹಂಡೆ ಗಾಡಿ ಹತ್ತಿತು. ಮಾರನೆಯ ದಿನ ರಾಚಯ್ಯ ಕಟಕಟೆ ಹೇರಿಕೊಂಡು ಬಂದ. "ನೋಡು ರಾಚಯ್ಯ, ಹಂಡೆ ಎಲ್ಲೋಯ್ತು ಅಂತ ನಿಂಗ್ ಗೊತ್ತಿಲ್ಲ," ಎಂದರು ಶಂಭುಲಿಂಗಪ್ಪನವರು. "ಗೊತ್ತಿಲ್ಲ ಬುದ್ಧಿ," ಎಂದ ರಾಚಯ್ಯ, ತಲೆ ಕೆರೆದುಕೊಂಡು.

ಕರಿಬಸಮ್ಮ ಮೂರನೆಯ ದಿನ ಬಂದವರೇ ಖಾಲಿ ಮೂಲೆ ನೋಡಿ ನಿಂತಲ್ಲೇ ನಿಂತರು. "ಹಂಡೆ ಎಲ್ಲಿ?"

ಶಂಭುಲಿಂಗಪ್ಪನವರ ಕಣ್ಣಿಗೆ ಗೂಡಿನಲ್ಲಿದ್ದ ಚೊಂಬು ಬಿತ್ತು. ಅದರ ಕಂಠದ ಮೇಲೆ ಅವರ ತಾಯಿಯ ಹೆಸರು. ಆ ಸೀಮೆಯಲ್ಲಿ ಹೆಸರಿಲ್ಲದ ಪಾತ್ರೆಗೆ ಮರ್ಯಾದೆಯಿಲ್ಲ. ಚೊಂಬಾದರೂ ಸರಿ, ಚಮಚವಾದರೂ ಸರಿ, ಉಳಿಯಲ್ಲಿ ಹೆಸರು ಹೊಡೆಸಿದ ಮೇಲೇ ಅದು ಮನೆಯದಾಗುವುದು. "ನಿನ್ನ ಹೆಸರು ಹೊಡೆಸಕ್ಕೆ ಕೊಟ್ಟಿದ್ದೀನಿ," ಎಂದುಬಿಟ್ಟರು.

ಕರಿಬಸಮ್ಮನ ಮುಖದಲ್ಲಿ ಮೊದಲು ಏನೋ ಒಂದು ಗಾಬರಿ ಹಾಯ್ದುಹೋಯಿತು. ಆಮೇಲೆ ಅವರ ಕಣ್ಣು ತೇವವಾಯಿತು. ಹತ್ತೊಂಬತ್ತು ವರ್ಷದಲ್ಲಿ ಈ ಮನುಷ್ಯ ತಾನಾಗಿ ಒಂದು ಹೂವು ತಂದುಕೊಟ್ಟವನಲ್ಲ. ಆ ದಿನ ಶಂಭುಲಿಂಗಪ್ಪನವರ ಎಲೆಗೆ ಬಿದ್ದ ತುಪ್ಪ ಅವರಿಗೆ ನುಂಗಲಾಗದಷ್ಟಾಯಿತು. "ನನ್ನೊಬ್ಬಳ ಹೆಸರು ಬ್ಯಾಡ, ನಮ್ಮಪ್ಪನ ಹೆಸರೂ ಹಾಕ್ಸಿ. ಶ್ರಾವಣಕ್ಕೆ ಅವ್ವ ಬತ್ತಾರೆ, ನೋಡಿ ಸಂತೋಷ ಪಡ್ಲಿ," ಎಂದರು ಕರಿಬಸಮ್ಮ. ಶ್ರಾವಣಕ್ಕೆ ಇನ್ನು ಎರಡು ತಿಂಗಳಿತ್ತು. ಅಷ್ಟರಲ್ಲಿ ಅಂಥದ್ದೇ ಇನ್ನೊಂದು ಹಂಡೆ ಹುಡುಕದಿದ್ದರೆ ತಮ್ಮ ಸಂಸಾರ ಮುಗಿಯಿತು ಎಂಬುದು ಶಂಭುಲಿಂಗಪ್ಪನವರಿಗೆ ಆಗ ಹೊಳೆಯಿತು.

ಈ ಚಿಂತೆಯ ನಡುವೆ ಕಟಕಟೆ ನೆಡುವ ಕೆಲಸ. ಬಿಲ್ವಪತ್ರೆಯ ಪಕ್ಕದಲ್ಲಿ ಜಾಗ ಗೊತ್ತು ಮಾಡಿದರು. ಗಟ್ಟಿಯಾಗಿ ಕೂತಿದೆಯೋ ಇಲ್ಲವೋ ನೋಡಲು ರಾಚಯ್ಯ ಮೆಟ್ಟಿಲು ಹತ್ತಿ ಒಳಗೆ ನಿಂತ. ಎದುರಿಗೆ ಬೆತ್ತದ ಕುರ್ಚಿಯಲ್ಲಿ ಕಾಫಿ ಕುಡಿಯುತ್ತಿದ್ದ ಶಂಭುಲಿಂಗಪ್ಪನವರು ಮಾತಿಗೆ, "ನೆನ್ನೆ ಕನಕಾಂಬರಕ್ಕೆ ನೀರು ಹಾಕಿದ್ಯೇನಯ್ಯ?" ಎಂದರು.

ರಾಚಯ್ಯನ ಬಲಗೈ ತಾನಾಗಿ ಕಂಬಿಯ ಮೇಲೆ ಹೋಯಿತು. ಬೆನ್ನು ನೆಟ್ಟಗಾಯಿತು. "ಮಾದಪ್ಪನ್ ಆಣೆಗೂ ಸತ್ಯನೇ ಯೋಳ್ತೀನಿ ಸ್ವಾಮಿ. ಆಕ್ನಿಲ್ಲ. ಮೊನ್ನೆನೂ ಆಕ್ನಿಲ್ಲ. ಆಕ್ದೆ ಅಂತ ಯೋಳುದ್ದು ಸುಳ್ಳು. ಉಣಸೇಮರದ ಕೆಳ್ಗೆ ಮನೀಕಂಡಿದ್ದೆ."

ಇಳಿದು ಬಂದ ಮೇಲೆ ಅವನಿಗೇ ಭಯವಾಯಿತು. ವಿಷಯ ಇಷ್ಟು. ಹಿಂದೆ ಯಾವುದೋ ಜಮೀನಿನ ವ್ಯಾಜ್ಯದಲ್ಲಿ ಅವನು ಮೂರು ಸಲ ಸಾಕ್ಷಿಗೆ ನಿಂತಿದ್ದ. ಸುಳ್ಳು ಹೇಳಿದರೆ ಬೆಟ್ಟದ ದೇವರು ಮಾದಪ್ಪನ ವಾಹನದ ಹುಲಿ ಬಂದು ಮನೆ ಬಾಗಿಲಲ್ಲಿ ಕೂರುತ್ತದೆ ಎಂದು ಲಾಯರು ಹೆದರಿಸಿದ್ದರಂತೆ. "ಅದ್ರೊಳಿಕೆ ನಿಂತ್ರೆ ನಾಲ್ಗೆ ನನ್ ಮಾತ್ ಕೇಳಕ್ಕಿಲ್ಲ ಬುದ್ಧಿ," ಎಂದ.

ಶಂಭುಲಿಂಗಪ್ಪನವರು ಲೋಟ ಕೆಳಗಿಟ್ಟರು. "ಹಂಗಾದ್ರೆ ಯಾರಾದ್ರೂ ನಿನ್ನ ಅದರೊಳಗೆ ನಿಲ್ಸಿ ಹಂಡೆ ವಿಚಾರ ಕೇಳುದ್ರೆ?"

"ಇದ್ರಿಂದ ಒರ್ಗಡೆ ಇದ್ರೆ ಸತ್ರೂ ಯೋಳಕ್ಕಿಲ್ಲ. ಒಳಗಿದ್ರೆ ನನ್ ಕೈಲಿಲ್ಲ."

ಆ ಗಳಿಗೆಯಿಂದ ರಾಚಯ್ಯ ಕಟಕಟೆಯ ಹತ್ತು ಮಾರು ಹತ್ತಿರಕ್ಕೆ ಬರಕೂಡದೆಂದು ಕಟ್ಟಪ್ಪಣೆಯಾಯಿತು. ಆದರೆ ಅವನ ಬಾಯಿಗೆ ಕಟ್ಟಪ್ಪಣೆ ಮಾಡಲು ಮರೆತರು. ಸಂಜೆಯೊಳಗೆ ಪುಟ್ಟಮಾದಮ್ಮನಿಗೆ ಗೊತ್ತಾಯಿತು. ಬೆಳಗಾಗುವಷ್ಟರಲ್ಲಿ ಅವಳು ಎದುರು ಮನೆಯ ದೊಡ್ಡಯ್ಯನನ್ನು ಕರೆದುಕೊಂಡು ಬೇಲಿಯ ಬಳಿ ನಿಂತಿದ್ದಳು.

"ಸಾವ್ಕಾರ್ರೆ, ನನ್ ಕೋಳಿ ಉಂಜ ಕಾಣ್ದಂಗಾಗಿ ಎಂಟ್ ದಿನ ಆಯ್ತು. ಇಂವ ಕಂಡಿಲ್ಲ ಅಂತಾನೆ. ಒಂದ್ಗಳಿಗೆ ಇದ್ರೊಳಿಕೆ ನಿಲ್ಸಿ."

"ನಿಲ್ತೀನಿ ಬುಡಮ್ಮಿ. ಕದ್ದಿದ್ರಲ್ವಾ ಭಯ," ಎನ್ನುತ್ತ ದೊಡ್ಡಯ್ಯ ಜೋರಾಗಿ ಬಂದ. ಮೆಟ್ಟಿಲ ಹತ್ತಿರ ನಿಧಾನವಾದ. ಹತ್ತಿದ. ಕಂಬಿ ಹಿಡಿದ. ಬಿಲ್ವಪತ್ರೆಯ ಕಡೆ ನೋಡಿದ, ಕಂಬಿಯ ಕಡೆ ನೋಡಿದ, ಬೆತ್ತದ ಕುರ್ಚಿಯಲ್ಲಿ ಏನೂ ತೋಚದೆ ಕೂತಿದ್ದ ಶಂಭುಲಿಂಗಪ್ಪನವರ ಕಡೆ ನೋಡಿದ. ಅವರು ಸುಮ್ಮನಿದ್ದದ್ದೇ ಅವನಿಗೆ ದೊಡ್ಡ ನ್ಯಾಯಾಧೀಶರ ಗತ್ತಿನಂತೆ ಕಂಡಿತು.

"ನೆಂಟ್ರು ಬಂದಿದ್ರು ಸ್ವಾಮಿ," ಎಂದ ದೊಡ್ಡಯ್ಯ, ಸಣ್ಣ ದನಿಯಲ್ಲಿ.

ಇಷ್ಟು ಸಾಕಾಯಿತು. ಎರಡು ವಾರದಲ್ಲಿ ಗುಂಡ್ಲುಪೇಟೆಯ ಸುತ್ತಿನ ನ್ಯಾಯಗಳೆಲ್ಲ ಹೂದೋಟಕ್ಕೆ ಬರತೊಡಗಿದವು. ಬದು ಒತ್ತಿದವರು ಬಂದರು, ಅವರೆಕಾಯಿ ಕಿತ್ತವರು ಬಂದರು. ಸಂತೆಯ ದಿನ ಬಂಡೀಪುರದ ಕಡೆಯಿಂದ ಕೂಡ ಒಂದು ಗಾಡಿ ಜನ ಬಂದು, ನ್ಯಾಯವಿಲ್ಲದಿದ್ದರೂ ಸುಮ್ಮನೆ ನೋಡಿಕೊಂಡು ಹೋಗುವುದಾಗಿ ಹೇಳಿ ಬೇಲಿಗೊರಗಿ ಕೂತರು. ಕಾಲಲ್ಲಿ ಮೆಟ್ಟು ಹಾಕಿಕೊಂಡು ಕಟಕಟೆ ಹತ್ತಬಾರದು ಎಂಬ ಕಾನೂನು ಯಾರು ಮಾಡಿದರೋ ತಿಳಿಯದು, ಎಲ್ಲರೂ ಪಾಲಿಸಿದರು. ಜಾಜಿ ಬಳ್ಳಿಗೆ ಹಬ್ಬಲು ಪುರಸೊತ್ತೇ ಸಿಗಲಿಲ್ಲ. ಶಂಭುಲಿಂಗಪ್ಪನವರು ಮೊದಲು ಬೇಡವೆಂದರು, ಆಮೇಲೆ ಸುಮ್ಮನಾದರು, ಮೂರನೆಯ ವಾರ ಪೇಟ ಸುತ್ತಿಕೊಂಡು ಕೂರತೊಡಗಿದರು. ಮಂಡಿಯಲ್ಲಿ ಯಾರೂ ಕೊಡದ ಗೌರವ ಮುರುಕು ತಕ್ಕಡಿಯ ಪಕ್ಕದಲ್ಲಿ ಸಿಕ್ಕಿದರೆ ಯಾರು ಬೇಡವೆನ್ನುತ್ತಾರೆ?

ಕರಿಬಸಮ್ಮ ಮಾತ್ರ ಮೊರ ಹಿಡಿದುಕೊಂಡು ಜಗುಲಿಯ ಮೇಲೆ ಕೂತು ಎಲ್ಲವನ್ನೂ ನೋಡುತ್ತಿದ್ದರು. ದಿನಾ ಸಂಜೆ ಒಂದೇ ಪ್ರಶ್ನೆ. "ಹೆಸರು ಹೊಡ್ದಾಯ್ತಂತಾ?" ಶಂಭುಲಿಂಗಪ್ಪನವರು ಒಮ್ಮೆ ಉಳಿ ಮೊಂಡಾಗಿದೆ ಎಂದರು, ಒಮ್ಮೆ ಕೆತ್ತುವವನಿಗೆ ಜ್ವರವೆಂದರು. ಗುಟ್ಟಾಗಿ ಕೊಳ್ಳೇಗಾಲದವರೆಗೆ ಹೇಳಿಕಳಿಸಿದರು. ಅಂಥ ಹಂಡೆ ಎಲ್ಲೂ ಸಿಗಲಿಲ್ಲ.

ವಿಷಯ ಕಚೇರಿಗೂ ಮುಟ್ಟಿತು. ಖಾಸಗಿ ಮನುಷ್ಯನೊಬ್ಬ ಕೋರ್ಟು ನಡೆಸುತ್ತಿದ್ದಾನೆಂದು ಯಾರೋ ಅರ್ಜಿ ಹಾಕಿದ್ದರು. ತನಿಖೆಗೆ ಶೇಕ್‌ದಾರ್ ಗುರುಪಾದಸ್ವಾಮಿಯವರು ಸೈಕಲ್ಲಿನಲ್ಲಿ ಬಂದರು. ಕಂದಾಯ ವಸೂಲಿಗೆ ಹಳ್ಳಿ ಸುತ್ತುವ ಅಧಿಕಾರಿ. ಅವರ ಸೈಕಲ್ಲಿನ ಗಂಟೆ ಕೇಳಿದರೆ ಜನ ಹಿತ್ತಲ ಬಾಗಿಲು ಹುಡುಕುತ್ತಿದ್ದರು.

"ಏನ್ರೀ ಶಂಭುಲಿಂಗಪ್ಪನೋರೆ, ಇದು ಸರ್ಕಾರದ ಆಸ್ತಿ ಅಲ್ವೇನ್ರೀ? ಸ್ವಲ್ಪ ಸರೀರಿ, ನಂಬರ್ ಏನಾದ್ರೂ ಇದ್ಯಾ ನೋಡ್ತೀನಿ," ಎಂದು ಕಟಕಟೆಯೊಳಗೆ ಹತ್ತಿ ಬಗ್ಗಿ ನೋಡಿದರು. ಎದ್ದು ನಿಂತಾಗ ಎದುರಿಗೆ ಅರವತ್ತು ಜನ ಉಸಿರು ಬಿಗಿಹಿಡಿದು ತಮ್ಮನ್ನೇ ನೋಡುತ್ತಿದ್ದಾರೆ. ಪುಟ್ಟಮಾದಮ್ಮ ಕೈಮುಗಿದು, "ಸ್ವಾಮೇರು ಯಾವಾಗ್ಲೂ ಬೇಗೂರು ಕ್ಯಾಂಪು ಅಂತ ಓಯ್ತಾರಲ್ಲ, ಅಲ್ಲೇನ್ ಅಷ್ಟೊಂದ್ ಕೆಲ್ಸ ಇದ್ದದು?" ಎಂದಳು. ಕೆಟ್ಟ ಮನಸ್ಸಿನಿಂದಲ್ಲ, ತಿಳಿದುಕೊಳ್ಳುವ ಆಸೆಯಿಂದ.

ಶೇಕ್‌ದಾರರ ಕೈ ಕಂಬಿಯ ಮೇಲಿತ್ತು. ಕರ್ಚೀಫು ತೆಗೆದು ಮುಖ ಒರೆಸಿಕೊಂಡರು. "ಅಲ್ಲಿ ಟೂರಿಂಗ್ ಟಾಕೀಸ್ ಬಂದಿದೆ," ಎಂದರು ಕೊನೆಗೆ. "ಒಂದೇ ಪಿಕ್ಚರ್ ನಾಲ್ಕು ಸಲ ನೋಡಿದೆ. ಎಲ್ಲಾ ಸಲನೂ ಅತ್ತುಬಿಟ್ಟೆ."

ತನಿಖೆ ಅಲ್ಲಿಗೆ ಮುಗಿಯಿತು. ಆಕ್ಷೇಪಣೀಯವಾದದ್ದು ಏನೂ ಕಂಡುಬಂದಿಲ್ಲವೆಂದು ಶೇಕ್‌ದಾರರು ವರದಿ ಬರೆದರು. ಮಾರನೆಯ ದಿನದಿಂದ ಅವರೂ ಬೇಲಿಗೊರಗಿ ನಿಲ್ಲತೊಡಗಿದರು.

ಶ್ರಾವಣದ ಮೊದಲ ಸೋಮವಾರ ಹರವೆಯಿಂದ ಅತ್ತೆ ಮಲ್ಲಿಗಮ್ಮ ಬಂದಿಳಿದರು. ಎಪ್ಪತ್ತರ ಹಣ್ಣು ಮುದುಕಿ. ಕಾಲು ತೊಳೆದುಕೊಂಡವರೇ ಖಾಲಿ ಮೂಲೆ ನೋಡಿದರು. ಮಗಳು ಸಂಭ್ರಮದಿಂದ ಹೆಸರಿನ ಕಥೆ ಹೇಳಿದಳು. ಮುದುಕಿಗೆ ಸಂತೋಷವಾಗುವ ಬದಲು ಮುಖ ಸಣ್ಣಗಾಯಿತು. "ಹೆಸರು ಹೊಡಿಯಕ್ಕೆ ಕೊಟ್ರಾ? ಉಳೀಲಿ ಹೊಡಿತಾರಾ?" ಎಂದು ಎರಡು ಸಲ ಕೇಳಿದರು.

"ಇವತ್ತೇ ತರಿಸ್ತೀನಿ ಇರವ್ವ," ಎಂದು ಕರಿಬಸಮ್ಮ ಅಂಗಳಕ್ಕೆ ಬಂದರು. "ರಾಚಯ್ಯ, ಹಂಡೆ ಯಾರ ಹತ್ರ ಕೊಟ್ಟಿದ್ದೀಯ? ಹೋಗಿ ತಕಂಬಾ."

ರಾಚಯ್ಯ ತಲೆ ಕೆರೆದುಕೊಂಡ. "ಗೊತ್ತಿಲ್ಲ ಕಣ್ರವ್ವ."

"ಗಾಡಿ ಹೊಡ್ದೋನು ನೀನು. ಗೊತ್ತಿಲ್ಲ ಅಂದ್ರೆ? ಹತ್ತು, ಕಟಕಟೆ ಹತ್ತು."

ಅಂದಿನ ನ್ಯಾಯಕ್ಕೆಂದು ಸೇರಿದ್ದ ಜನ ರಾಚಯ್ಯನಿಗೆ ದಾರಿ ಬಿಟ್ಟರು. ಅವನು ಮೆಟ್ಟಿಲ ಮೇಲೆ ಕಾಲಿಡುವಷ್ಟರಲ್ಲಿ ಶಂಭುಲಿಂಗಪ್ಪನವರು ಪೇಟ ಬಿದ್ದದ್ದೂ ಲೆಕ್ಕಿಸದೆ ಕುರ್ಚಿಯಿಂದ ಓಡಿಬಂದರು. ಅವನು ಹತ್ತದಂತೆ ತಡೆಯಲು ಬೇರೆ ದಾರಿ ಕಾಣದೆ ತಾವೇ ಒಳಗೆ ನುಗ್ಗಿ ಜಾಗ ತುಂಬಿಕೊಂಡು ನಿಂತರು. ಎರಡು ಕೈಯಲ್ಲೂ ಕಂಬಿ ಗಟ್ಟಿಯಾಗಿ ಹಿಡಿದರು. ಹಿಡಿದ ಮೇಲೆ ತಾವು ಎಲ್ಲಿ ನಿಂತಿದ್ದೇವೆಂದು ಗೊತ್ತಾಯಿತು.

ಕರಿಬಸಮ್ಮ ಒಂದು ಹೆಜ್ಜೆ ಮುಂದೆ ಬಂದರು. "ಹಂಗಾದ್ರೆ ನೀವೇ ಹೇಳಿ. ಹಂಡೆ ಎಲ್ಲಿ?"

ಶಂಭುಲಿಂಗಪ್ಪನವರು ಜ್ವರ ಬಂದ ಕೆತ್ತುವವನನ್ನು ನೆನೆದರು. ಮೊಂಡಾದ ಉಳಿಯನ್ನು ನೆನೆದರು. ಬಾಯಿ ತೆರೆದರು. "ನಿನ್ನ ಎದುರಿಗೇ ಇದ್ಯಲ್ಲ, ಇದೇ," ಎಂದರು. "ಹಂಡೆ ಕೊಟ್ಟೆ, ಈ ಕಟಕಟೆ ತಂದೆ. ಹೆಸರು ಹೊಡೆಸ್ತೀನಿ ಅಂದಿದ್ದು ಸುಳ್ಳು."

ಕರಿಬಸಮ್ಮ ಅಳಲಿಲ್ಲ, ಕೂಗಲಿಲ್ಲ. "ನಾಳೆ ಹೊತ್ತಿಗೆ ನಮ್ಮಪ್ಪನ ಹಂಡೆ ಈ ಅಂಗಳದಲ್ಲಿ ಇರಬೇಕು. ಇಲ್ಲಾಂದ್ರೆ ಅವ್ವನ ಜೊತೆ ನಾನೂ ಹರವೆಗೆ ಹೊರಟೆ," ಎಂದು ಒಳಗೆ ಹೋದರು. ಕಟಕಟೆಯ ಇತಿಹಾಸದಲ್ಲಿ ಮೊದಲ ಬಾರಿಗೆ ವಾಯಿದೆ ಬಿತ್ತು.

ರಾಚಯ್ಯ ಆಗಲೇ ಗಾಡಿ ಕಟ್ಟಿದ. ಮಾರನೆಯ ದಿನ ಮಧ್ಯಾಹ್ನ ಅವನು ವಾಪಸು ಬಂದಾಗ ಗಾಡಿಯಲ್ಲಿ ಹಂಡೆಯೂ ಇತ್ತು, ಅದರ ಪಕ್ಕದಲ್ಲಿ ಉರಿಯುತ್ತಿದ್ದ ಮೂಗಯ್ಯನೂ ಇದ್ದ. ಬೇಲಿಯ ಸುತ್ತ ಊರೇ ನೆರೆದಿತ್ತು. ಶೇಕ್‌ದಾರರು ರಜೆ ಹಾಕಿದ್ದರು.

"ಕರೆಯಕ್ ಬರೋದ್ ಬ್ಯಾಡಾಗಿತ್ತು ಸಾವ್ಕಾರ್ರೆ, ನಾನೇ ಒಂಟಿದ್ದೆ," ಎಂದ ಮೂಗಯ್ಯ. "ಮಗಳು ಹೆಸ್ರು ಒಡ್ಸಾನ ಅಂತ ಕೊಟ್ಟೆ. ಮರಿತಾಯಮ್ಮ ಅಂತ ಒಡೀಬೇಕು. ಕೆತ್ತೋನು ಅರ್ಧಕ್ಕೆ ಬಂದವ್ನೆ, ಉಳಿ ಒಳಿಕೆ ಓಯ್ತು. ಹಂಡೇಲಿ ತೂತು. ಯಾರೋ ಮೊದ್ಲೇ ಅರಗು ತುಂಬಿ ಮುಚ್ಚವ್ರೆ, ಅದ್ರ ಮ್ಯಾಲೆ ತಾಮ್ರದ ತಗಡು."

ಹಂಡೆಯನ್ನು ಇಳಿಸಿ ತಿರುಗಿಸಿದರು. ಹೊಟ್ಟೆಯ ಮೇಲೆ "ಮರಿತಾ" ಎಂದು ಅಂದವಾಗಿ ಕೆತ್ತಿತ್ತು, ಅದರ ಮುಂದೆ ಹೆಬ್ಬೆರಳು ಹೋಗುವಷ್ಟು ತೂತು.

"ನಮ್ಮಪ್ಪ ಕೊಟ್ಟ ಹಂಡೆ ತೂತಿರಲಿಲ್ಲ. ನಿನ್ನ ಅಂಗಡೀಲಿ ಆಗಿರೋದು," ಎಂದರು ಕರಿಬಸಮ್ಮ. ಅವರ ದನಿ ಯಾಕೋ ಎಂದಿನಷ್ಟು ಗಟ್ಟಿಯಾಗಿರಲಿಲ್ಲ.

ಮೂಗಯ್ಯ ಮೆಟ್ಟು ಬಿಟ್ಟು ಕಟಕಟೆ ಹತ್ತಿ, ತಾನು ಕೈ ಹಾಕಿಲ್ಲವೆಂದು ಮಾದಪ್ಪನ ಆಣೆ ಮಾಡಿದ. ಹಿಂದೆಯೇ ಶಂಭುಲಿಂಗಪ್ಪನವರು ಹತ್ತಿ, ತಾವು ಹಂಡೆಯನ್ನು ಹಾಗೆಯೇ ಕಳಿಸಿದ್ದೆಂದು ಆಣೆ ಮಾಡಿದರು. ಇಬ್ಬರದ್ದೂ ಸತ್ಯವಾದರೆ ತೂತು ಎಲ್ಲಿಂದ ಬಂತು ಎಂದು ಶೇಕ್‌ದಾರರು ಗಟ್ಟಿಯಾಗಿ ಯೋಚಿಸುತ್ತಿರುವಾಗ ಜಗುಲಿಯ ಮೇಲಿಂದ ಮಲ್ಲಿಗಮ್ಮ ಎದ್ದರು. ಕೋಲೂರಿಕೊಂಡು ನಿಧಾನವಾಗಿ ಬಂದರು.

"ಒಸಿ ಕೈ ಕೊಡಿ ಅಳೀದೇವ್ರೆ, ಮೆಟ್ಟಲು ಎತ್ತರ ಅದೆ."

ಅಳಿಯ ಕೈಕೊಟ್ಟು ಹತ್ತಿಸಿದರು. ಮುದುಕಿ ಕಂಬಿ ಹಿಡಿದುಕೊಂಡು ಮಗಳನ್ನು ನೋಡಿದರು. "ಆ ವರ್ಷ ಬೆಳೆ ಸರಿಯಾಗಿ ಕೈಗೆ ಬರನಿಲ್ಲ ಕನವ್ವ. ಬೀಗರಿಗೆ ಹಂಡೆ ಕೊಡ್ತೀನಿ ಅಂತ ನಿಮ್ಮಪ್ಪ ಮಾತು ಕೊಟ್ಬುಟ್ಟಿದ್ರು. ಮದುವೆಗೆ ಮೂರು ದಿನ ಅದೆ ಅನ್ನಾಗ ಚಾಮರಾಜನಗರದ ಗುಜರೀಲಿ ಇದನ್ನ ಹುಡುಕಿ ತಂದ್ರು. ತೂತಿತ್ತು. ಅವರೇ ಹಿತ್ತಲಲ್ಲಿ ಕುಂತು ಮುಚ್ಚುದ್ರು, ನಾನೇ ಉಜ್ಜಿ ಹೊಳಪು ಮಾಡುದೆ. ಮಗಳಿಗೆ ಯಾವತ್ತೂ ಹೇಳ್ಬ್ಯಾಡ ಅಂದಿದ್ರು. ಸಾಯೋ ಮುಂಚೆನೂ ಅದನ್ನೇ ಅಂದ್ರು."

ಗುಜರಿ ಎಂಬ ಮಾತು ಕೇಳಿ ಮೂಗಯ್ಯ ತಲೆ ತಗ್ಗಿಸಿದ. ಆ ಕಾಲದಲ್ಲಿ ಅಲ್ಲಿ ಇದ್ದದ್ದು ಒಂದೇ ಗುಜರಿ ಅಂಗಡಿ, ಅವನ ಅಪ್ಪನದು.

ಶಂಭುಲಿಂಗಪ್ಪನವರಿಗೆ ಮೊದಲು ನಗು ಬಂತು. ಹತ್ತೊಂಬತ್ತು ವರ್ಷ. ಗಾಡಿಯ ಚಕ್ರ ತಂದಾಗ ಹಂಡೆ, ಕಹಳೆ ತಂದಾಗ ಹಂಡೆ. ಇಷ್ಟು ವರ್ಷ ತಮ್ಮನ್ನು ಆಳಿದ ಹಂಡೆಯೇ ಗುಜರಿಯಿಂದ ಬಂದದ್ದೆಂದರೆ ಯಾರಿಗೆ ನಗು ಬಾರದು? ಅಷ್ಟರಲ್ಲಿ ಪುಟ್ಟಮಾದಮ್ಮ ಬೇಲಿಯ ಮೇಲೆ ಬಗ್ಗಿ ಕೇಳಿದಳು.

"ಅಲ್ಲ ಕರಿಬಸಮ್ಮವ್ವ, ಹತ್ತೊಂಬತ್ ವರ್ಸದಲ್ಲಿ ಒಂದ್ಸಲನೂ ಇದಕ್ಕೆ ನೀರ್ ತುಂಬಿ ಒಲೆ ಮ್ಯಾಲೆ ಇಟ್ಟಿರ್ನಿಲ್ವಾ? ಇಟ್ಟಿದ್ರೆ ಅರಗು ಕರಗಿ ಅವತ್ತೇ ಗೊತ್ತಾಗ್ಬೇಕಿತ್ತಲ್ಲ?"

ಎಲ್ಲರ ಮುಖವೂ ಕರಿಬಸಮ್ಮನ ಕಡೆ ತಿರುಗಿತು. ಯಾರೂ ಹೇಳದೆಯೇ ಜನ ಎರಡು ಪಾಲಾಗಿ ಕಟಕಟೆಯವರೆಗೆ ದಾರಿ ಮಾಡಿದರು. ಶೇಕ್‌ದಾರರು ಮುದುಕಿಯನ್ನು ಇಳಿಸಿ ಜಾಗ ಖಾಲಿ ಮಾಡಿಕೊಟ್ಟರು. ಊರಿಗೆ ಊರೇ ಕಿವಿಯಾಗಿ ನಿಂತಿತು.

ಕರಿಬಸಮ್ಮ ಅಲುಗಲಿಲ್ಲ. ಸೆರಗನ್ನು ಎರಡು ಕೈಯಲ್ಲೂ ಹಿಡಿದು ಹಂಡೆಯ ತೂತನ್ನೇ ನೋಡುತ್ತಿದ್ದರು. ಆ ಮುಖ ನೋಡಿ ಶಂಭುಲಿಂಗಪ್ಪನವರ ನಗು ಹಾಗೆಯೇ ನಿಂತುಹೋಯಿತು. ಅವರು ಅಂಥ ಜಾಣರೇನಲ್ಲ, ಆದರೆ ಹೆಂಡತಿಯ ಮುಖ ಓದಲು ಅವರಿಗೆ ಹತ್ತೊಂಬತ್ತು ವರ್ಷ ಸಿಕ್ಕಿತ್ತು. ಇವಳಿಗೆ ಗೊತ್ತಿತ್ತು. ಮದುವೆಯಾದ ಹೊಸದರಲ್ಲೇ ಗೊತ್ತಾಗಿದೆ. ಅಪ್ಪನ ಮರ್ಯಾದೆ ಉಳಿಯಲಿ ಎಂದು ತಾನೇ ಮತ್ತೆ ಅರಗು ತುಂಬಿ, ಒಲೆಯ ಹತ್ತಿರಕ್ಕೂ ಒಯ್ಯದೆ, ಪ್ರತಿ ಸೋಮವಾರ ಉಜ್ಜಿ ಉಜ್ಜಿ ಇಟ್ಟಿದ್ದಾಳೆ. ಈಗ ಕಟಕಟೆ ಹತ್ತಿ ನಿಂತರೆ ಅದೂ ಬಾಯಿಗೆ ಬರುತ್ತದೆ, ಎದುರಿಗೆ ನಿಂತ ಮುದುಕಿ ಕೇಳಿಸಿಕೊಳ್ಳುತ್ತಾಳೆ.

ಅವರು ನೆಟ್ಟಗೆ ಕಟಕಟೆಯ ಹತ್ತಿರ ಹೋಗಿ ಅದನ್ನು ಎರಡು ಕೈಯಲ್ಲಿ ತಬ್ಬಿ ಅಲುಗಿಸಿದರು. "ರಾಚಯ್ಯ, ಹಾರೆ ತಾ. ಮೂಗಯ್ಯ, ಗಾಡಿ ಹಿಂದಕ್ಕೆ ಹೊಡಿ. ಇದನ್ನ ಈಗಲೇ ಹೇರ್ಕಂಡು ಹೋಗು. ನಿನ್ನ ಮಗಳಿಗೆ ಹೊಸಾ ಹಂಡೆ ನಾನೇ ಮೈಸೂರಿಂದ ತರಿಸಿಕೊಡ್ತೀನಿ."

"ಅಯ್ಯೋ, ಇನ್ನೊಂದ್ ಸಾಕ್ಷಿ ಬಾಕಿ ಅದಲ್ಲ ಸಾವ್ಕಾರ್ರೆ," ಎಂದಳು ಪುಟ್ಟಮಾದಮ್ಮ.

"ಒಂದು ಐದು ನಿಮಿಷ ತಡೀರಿ ಶಂಭುಲಿಂಗಪ್ಪನೋರೆ, ತನಿಖೆ ಅಂದ್ಮೇಲೆ ಪೂರ್ತಿ ಆಗ್ಬೇಕು," ಎಂದರು ಶೇಕ್‌ದಾರರು.

"ಕೋರ್ಟು ಮುಗೀತು," ಎಂದರು ಶಂಭುಲಿಂಗಪ್ಪನವರು, ಜೀವಮಾನದಲ್ಲೇ ಎತ್ತದಷ್ಟು ದೊಡ್ಡ ದನಿ ಎತ್ತಿ. ಗೆದ್ದಲು ತಿಂದ ಕಾಲು ಹಾರೆಯ ಒಂದೇ ಮೀಟಿಗೆ ಕಿತ್ತುಬಂತು. ಕಟಕಟೆ ಗಾಡಿ ಹತ್ತಿ ಚಾಮರಾಜನಗರದ ಕಡೆ ಹೊರಟಿತು. ಊರಿನವರು ಅದು ತಿರುವಿನಲ್ಲಿ ಮರೆಯಾಗುವವರೆಗೆ ನೋಡಿ, ತಮ್ಮ ತಮ್ಮ ಸುಳ್ಳುಗಳನ್ನು ಹಾಗೆಯೇ ಜೋಪಾನವಾಗಿಟ್ಟುಕೊಂಡು ಮನೆಗೆ ಹೋದರು.

ಅಂಗಳದಲ್ಲಿ ಹಂಡೆ ಉಳಿಯಿತು, ಗಂಡ ಹೆಂಡಿರು ಉಳಿದರು. ಮುದುಕಿ ಒಳಗೆ ಮಲಗಿದ್ದರು.

"ಇದನ್ನ ಇನ್ನೇನ್ ಮಾಡದು?" ಎಂದರು ಕರಿಬಸಮ್ಮ. ಗಂಡನನ್ನು ನೋಡದೆ ಕೇಳಿದರು.

ಶಂಭುಲಿಂಗಪ್ಪನವರು ಕಟಕಟೆ ಕಿತ್ತ ಜಾಗ ನೋಡಿದರು. "ಅಲ್ಲಿಡನ. ಮಣ್ಣು ತುಂಬಿ ಜಾಜಿ ನೆಡನ. ಗಿಡ ಇಡೋ ಪಾತ್ರೆಗೆ ತೂತಿರ್ಬೇಕು ಕಣೆ, ಇಲ್ಲಾಂದ್ರೆ ನೀರು ನಿಂತು ಬೇರು ಕೊಳೀತದೆ. ಊಟೀಲಿ ದೊರೆಗಳು ಬೇಕಂತಲೇ ತೂತು ಹೊಡೆಸ್ತಾರೆ."

ಅದು ಸುಳ್ಳೋ ನಿಜವೋ, ಕೇಳಲು ಈಗ ಕಟಕಟೆ ಇರಲಿಲ್ಲ. ಕರಿಬಸಮ್ಮ ಕೇಳಲೂ ಇಲ್ಲ. ಒಳಗೆ ಹೋಗಿ ಹುಣಿಸೇಹಣ್ಣು ತಂದು, ಮಣ್ಣು ತುಂಬುವ ಮುಂಚೆ ಹಂಡೆಯನ್ನು ಒಮ್ಮೆ ಚೆನ್ನಾಗಿ ಉಜ್ಜಿದರು.

ದೀಪಾವಳಿಯ ಹೊತ್ತಿಗೆ ಜಾಜಿ ಹಂಡೆಯಿಂದ ಹೊರಗೆ ಇಳಿಬಿದ್ದು ಹೂ ಬಿಟ್ಟಿತು. ಒಂದು ದಿನ ನಿಜವಾಗಿಯೂ ಊಟಿಗೆ ಹೋಗುವ ಕಾರೊಂದು ನಿಂತಿತು. ಅದರಿಂದ ಇಳಿದ ಮೈಸೂರಿನ ಹೆಂಗಸೊಬ್ಬರು ಬೇಲಿಯ ಹತ್ತಿರ ಬಂದು, ಹೂವನ್ನೂ ಹಂಡೆಯನ್ನೂ ಅದರ ಮೇಲಿನ ಅಕ್ಷರವನ್ನೂ ಬಹಳ ಹೊತ್ತು ನೋಡಿ, "ಎಷ್ಟು ಚೆನ್ನಾಗಿದೆ. ಇದು ಯಾರದು? ಮರಿತಾ ಅಂದ್ರೆ ಯಾರು?" ಎಂದು ಕೇಳಿದರು.

ಶಂಭುಲಿಂಗಪ್ಪನವರು ಹೆಂಡತಿಯ ಕಡೆ ನೋಡಿದರು.

"ಮರಿತಾ ಯಾರೋ ನಂಗೊತ್ತಿಲ್ಲ," ಎಂದರು ಕರಿಬಸಮ್ಮ. "ಹಂಡೆ ನಮ್ಮಪ್ಪ ಕೊಟ್ಟಿದ್ದು."